ಮೇ ತಿಂಗಳ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಆರಾಮಾಗಿ ಮಲಗುವ ನಾಯಿ ಯಾವುದು?

ನಾಯಿ ಸಾಕಬೇಕು ಅಂತ ಮನಸ್ಸು ಮಾಡಿದವರು ಮೊದಲು ಮರಿಯ ಮುಖ ನೋಡುತ್ತಾರೆ. ಮುಖ ನೋಡಿದ ಮೇಲೆ ಬೇರೇನೂ ಕಾಣುವುದಿಲ್ಲ. ಎರಡು ತಿಂಗಳ ಮರಿ ಯಾವ ತಳಿಯದಾದರೂ ಮುದ್ದಾಗಿಯೇ ಇರುತ್ತದೆ, ಅಲ್ವಾ? ಕಲಬುರಗಿ, ಯಾದಗಿರಿ ಕಡೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಹೊರಗೆ 42-43 ಡಿಗ್ರಿ ಬಿಸಿಲು. ಕರೆಂಟ್ ಹೋಗಿದೆ, ಕೂಲರ್ ನಿಂತಿದೆ. ಆ ಹೊತ್ತಿನಲ್ಲಿ ಈ ನಾಯಿ ನಿಮ್ಮ ಮನೆಯಲ್ಲಿ ಎಲ್ಲಿ ಮಲಗುತ್ತದೆ?

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಂಜದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಮೈಯ ಕಾವು ಇಳಿಸಿಕೊಳ್ಳಲು ಅದಕ್ಕಿರುವ ದೊಡ್ಡ ದಾರಿ ಅಂದರೆ ತೇಕುವುದು. ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವ ಆರಿದಂತೆಲ್ಲ ಕಾವು ಇಳಿಯುತ್ತದೆ. ನಾಯಿಯ ಮೈಬಿಸಿ ಮಾಮೂಲಿಯಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಬಿಸಿಲಿಗೆ ಅದು 104 ದಾಟಿತೆಂದರೆ ಅಪಾಯ, 106ರ ಹತ್ತಿರ ಹೋದರೆ ಜೀವಕ್ಕೇ ಕುತ್ತು. ಹಾಗಾಗಿ ಉದ್ದ ಮೂತಿ, ಗಿಡ್ಡ ಕೂದಲು, ತೆಳ್ಳನೆಯ ಮೈ ಇರುವ ನಾಯಿ ನಮ್ಮ ಸೀಮೆಗೆ ಹೊಂದುತ್ತದೆ. ಚಪ್ಪಟೆ ಮೂತಿ, ದಪ್ಪ ತುಪ್ಪಳ, ಬೊಜ್ಜು, ಈ ಮೂರರಲ್ಲಿ ಒಂದಿದ್ದರೂ ಕಷ್ಟ. ಮೂರೂ ಇದ್ದರೆ ಕೇಳಲೇಬೇಡಿ.

ಬೀದರ್‌ನವರಿಗೆ ಸ್ವಲ್ಪ ರಿಯಾಯಿತಿ ಇದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಮೇಲಿದ್ದರೆ ಬೀದರ್ ಸುಮಾರು 2,200 ಅಡಿ. ಬೇಸಿಗೆ ಅಲ್ಲಿ ಒಂದೆರಡು ಡಿಗ್ರಿ ಕಮ್ಮಿ, ರಾತ್ರಿ ಗಾಳಿ ಬೀಸುತ್ತದೆ. ಆದರೆ ಆ ಧೈರ್ಯದ ಮೇಲೆ ಹಸ್ಕಿ ತರಬೇಡಿ. ಹಿಮದಲ್ಲಿ ಗಾಡಿ ಎಳೆಯುವ ನಾಯಿ ಅದು. ದಿನವಿಡೀ ಏಸಿ ಇಲ್ಲದ ಮನೆಯಲ್ಲಿ ಅದು ಒದ್ದಾಡಬೇಕು. ಈ ಹೋಲಿಕೆಯಲ್ಲಿ ಅದರ ಮಾತು ಇಲ್ಲಿಗೇ ಸಾಕು.

ಮೊದಲು ಮನೆ, ಆಮೇಲೆ ತಳಿ

ಹಳೆಯ ಕಲ್ಲಿನ ಮನೆ, ದಪ್ಪ ಗೋಡೆ, ಶಹಾಬಾದ್ ಫರ್ಸಿ ಹಾಸಿದ ಪಡಸಾಲೆ ಇದ್ದವರು ಪುಣ್ಯವಂತರು. ಒಂದು ಬಕೆಟ್ ನೀರು ಚೆಲ್ಲಿ ಬಾಗಿಲು ಮುಂದೆ ಮಾಡಿಟ್ಟರೆ ಆ ನೆಲ ಸುಮಾರು ಹೊತ್ತು ತಂಪಾಗಿರುತ್ತದೆ. ಅಂಥ ಫರ್ಸಿಯ ಮೇಲೆ ಲ್ಯಾಬ್ರಡಾರ್ ಮಲಗುವುದನ್ನು ನೋಡಬೇಕು. ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ, ಹೊಟ್ಟೆಯನ್ನು ಪೂರ್ತಿ ನೆಲಕ್ಕೆ ಹಚ್ಚಿ, ಗದ್ದ ಊರಿ ಬಿದ್ದಿರುತ್ತದೆ. ಹೊಟ್ಟೆಯ ಕಡೆ ಕೂದಲು ಕಮ್ಮಿ, ಅಲ್ಲಿಂದ ಕಾವು ಕಲ್ಲಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು, ಒಂದು ಮಾರು ಆಚೆ ಹೋಗಿ, ಮತ್ತೆ ಹಾಗೇ ಬೀಳುತ್ತದೆ. ಮೊದಲಿನ ಜಾಗದ ಕಲ್ಲು ಅದರ ಮೈಯಿಂದಲೇ ಬೆಚ್ಚಗಾಗಿರುತ್ತದೆ ನೋಡಿ. ಇಡೀ ಮಧ್ಯಾಹ್ನ ಹೀಗೇ ಪಡಸಾಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತಾ ಹೋಗುತ್ತದೆ. ಅದೇ ಫರ್ಸಿ ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದರೆ ರೊಟ್ಟಿ ಹಂಚು. ಅದರ ಮೇಲೆ ನಾಯಿ ಕಟ್ಟುವವರೂ ಇದ್ದಾರೆ.

ಹಳೆ ಮನೆಗೆ ಒಂದು ಕೊರತೆ ಉಂಟು. ನಾಯಿಗೆ ಹತ್ತುವ ಉಣ್ಣಿ ಗೋಡೆಯ ಸಂದಿಯಲ್ಲಿ, ಕಲ್ಲಿನ ಬಿರುಕಿನಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ನಾಯಿಯ ಮೈಗೆ ಮಾತ್ರ ಔಷಧಿ ಹಾಕಿದರೆ ಮುಗಿಯುವುದಿಲ್ಲ, ಗೋಡೆಯನ್ನೂ ನೋಡಿಕೊಳ್ಳಬೇಕು. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಸೊರಗುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಉದ್ದ ಕೂದಲಿನ ನಾಯಿಯಾದರೆ ಉಣ್ಣಿ ಹುಡುಕುವುದೇ ದಿನದ ಕೆಲಸ. ಗಿಡ್ಡ ಕೂದಲಿನದಾದರೆ ಕೈಯಾಡಿಸಿದರೆ ಸಿಗುತ್ತದೆ.

ಬಾಡಿಗೆ ಮನೆ, ಅದರಲ್ಲೂ ಮಾಳಿಗೆಗೆ ಹತ್ತಿದ ಮೇಲಿನ ಮಹಡಿಯಾದರೆ ದೊಡ್ಡ ನಾಯಿಯ ಆಸೆ ಬಿಡುವುದೇ ವಾಸಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಲೇ ಇರುತ್ತದೆ. ತಗಡಿನ ಮನೆಯ ಕತೆ ಇನ್ನೂ ಜಾಸ್ತಿ. ಇಂಥ ಮನೆಗೆ ಹತ್ತು-ಹದಿನೈದು ಕಿಲೋ ಒಳಗಿನ ನಾಯಿ ಸರಿ. ಮನೆ ಮಾಲೀಕರ ಒಪ್ಪಿಗೆಯನ್ನು ಮರಿ ತರುವ ಮೊದಲೇ ಕೇಳಿಬಿಡಿ. ಮರಿ ತಂದ ಮೇಲೆ ಕೇಳಿದರೆ ನಾಯಿ ಬಿಡಬೇಕು, ಇಲ್ಲಾ ಮನೆ ಬಿಡಬೇಕು.

ಇನ್ನೊಂದು, ಮನೆಯಲ್ಲಿ ಹಗಲು ಯಾರಿರುತ್ತಾರೆ? ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆ ಹೊರಟು ಆರಕ್ಕೆ ಬರುವವರಾದರೆ ಎರಡು ತಿಂಗಳ ಮರಿಯನ್ನು ತರಲೇಬೇಡಿ, ತಳಿ ಯಾವುದಾದರೂ ಅಷ್ಟೇ. ಒಂದೆರಡು ವರ್ಷದ ಬೆಳೆದ ನಾಯಿಯನ್ನು ದತ್ತು ತೆಗೆದುಕೊಳ್ಳಬಹುದು. ಅವ್ವ, ಅತ್ತೆ, ಅಜ್ಜ ಯಾರಾದರೂ ಮನೆಯಲ್ಲಿದ್ದರೆ ಅವರನ್ನು ಕೇಳಿಯೇ ಆರಿಸಿ. ನಾಯಿ ತರಬೇಕು ಅಂತ ಹಟ ಮಾಡುವವರು ಮಕ್ಕಳು. ಮಧ್ಯಾಹ್ನ ಅದಕ್ಕೆ ನೀರಿಡುವವರು ಅವ್ವ.

ಲ್ಯಾಬ್ರಡಾರೋ, ಮುಧೋಳವೋ?

ನಮ್ಮ ಕಡೆ ದೊಡ್ಡ ನಾಯಿ ಬೇಕು ಅನ್ನುವವರ ಮಾತು ಕೊನೆಗೆ ಈ ಎರಡರ ಹತ್ತಿರ ಬಂದು ನಿಲ್ಲುತ್ತದೆ. ಎರಡೂ ಒಳ್ಳೆಯವೇ. ಆದರೆ ಒಂದಕ್ಕೆ ಹೊಂದುವ ಮನೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಲ್ಯಾಬ್ರಡಾರ್‌ಗೆ ಜನ ಬೇಕು. ಮಕ್ಕಳು ಮೈಮೇಲೆ ಬಿದ್ದರೂ ಸಹಿಸಿಕೊಳ್ಳುತ್ತದೆ, ಬಂದವರಿಗೆಲ್ಲ ಬಾಲ ಅಲ್ಲಾಡಿಸುತ್ತದೆ. ಕಳ್ಳ ಬಂದರೆ ಬೊಗಳೀತು, ಆಮೇಲೆ ಕೈ ನೆಕ್ಕೀತು. ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಮೊದಲ ಸಲ ನಾಯಿ ಸಾಕುವವರಿಗೆ ಇದಕ್ಕಿಂತ ಸುಲಭದ ದೊಡ್ಡ ನಾಯಿ ಇಲ್ಲ. ಆದರೆ ತೂಕ 25ರಿಂದ 36 ಕಿಲೋ. ಮೈಮೇಲೆ ಎರಡು ಪದರದ ಕೂದಲು, ಅದು ವರ್ಷವಿಡೀ ಉದುರುತ್ತದೆ. ಕರಿ ಪ್ಯಾಂಟ್ ಹಾಕುವುದನ್ನೇ ಮರೆಯಬೇಕಾಗುತ್ತದೆ. ಹೊಟ್ಟೆ ತುಂಬಿತು ಅನ್ನುವುದು ಇದಕ್ಕೆ ಗೊತ್ತಿಲ್ಲ. ಅಜ್ಜಿ ಒಂದು ರೊಟ್ಟಿ, ಮೊಮ್ಮಗ ಅರ್ಧ ಬಿಸ್ಕತ್ ಪಾಕೀಟು, ಪಕ್ಕದ ಮನೆಯವರು ಉಳಿದ ಅನ್ನ ಅಂತ ಹಾಕುತ್ತಾ ಹೋದರೆ ಎರಡು ವರ್ಷಕ್ಕೆ ಅದು ಉರುಳಾಡುವ ಹಾಗಾಗುತ್ತದೆ. ಬೊಜ್ಜು ಬಂದ ಲ್ಯಾಬ್ರಡಾರ್‌ಗೆ ನಮ್ಮ ಬೇಸಿಗೆ ನಿಜವಾಗಿಯೂ ಅಪಾಯ. ಈ ತಳಿಗೆ ಸೊಂಟದ ಕೀಲಿನ ತೊಂದರೆಯೂ ವಂಶದಿಂದ ಬರುತ್ತದೆ. ತಾಯಿ-ತಂದೆ ನಾಯಿಗಳ ಸೊಂಟದ ಎಕ್ಸ್‌ರೇ ಇದೆಯಾ ಅಂತ ಮಾರುವವರನ್ನು ಕೇಳಿ. ಬಹಳ ಜನ ಇಲ್ಲ ಅನ್ನುತ್ತಾರೆ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮರಿ ಕೊಳ್ಳಬೇಡಿ.

ಮುಧೋಳ ನಾಯಿ ನಮ್ಮದೇ ಉತ್ತರ ಕರ್ನಾಟಕದ್ದು, ಬಾಗಲಕೋಟೆ ಜಿಲ್ಲೆಯ ಮುಧೋಳದ್ದು. ಅಲ್ಲಿಯ ಘೋರ್ಪಡೆ ಸಂಸ್ಥಾನಿಕರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು, ಸೇನೆಯವರೂ ಇದರ ಮರಿಗಳನ್ನು ಒಯ್ದು ತರಬೇತಿ ಕೊಟ್ಟರು. ಉದ್ದ ಮೂತಿ, ಆಳದ ಎದೆ, ಒಳಗೆ ಸೇರಿದ ಹೊಟ್ಟೆ, ಮೈಗಂಟಿದ ಕೂದಲು. ದೊಡ್ಡ ಗಂಡು ನಾಯಿ ಎರಡಡಿಗಿಂತ ಎತ್ತರ ಇರುತ್ತದೆ, ತೂಕ ಮಾತ್ರ ಲ್ಯಾಬ್ರಡಾರ್‌ಗಿಂತ ಕಮ್ಮಿ. ಬಿಸಿಲಿನ ಲೆಕ್ಕದಲ್ಲಿ ಇದಕ್ಕೆ ಪೂರಾ ಅಂಕ.

ಹಾಗಂತ ಎಲ್ಲರೂ ಮುಧೋಳ ತರಬೇಕು ಅಂತ ನಾನು ಹೇಳುವುದಿಲ್ಲ. ಇದು ಓಡುವ ನಾಯಿ. ಮೂಗಿಗಿಂತ ಕಣ್ಣನ್ನು ಹೆಚ್ಚು ನಂಬುತ್ತದೆ. ದೂರದಲ್ಲಿ ಏನಾದರೂ ಓಡಿತೋ, ಕೂಗಿದರೂ ಕೇಳುವುದಿಲ್ಲ. ಓಣಿಯ ಬೆಕ್ಕು, ಪಕ್ಕದವರ ಕೋಳಿ, ಆಡಿನ ಮರಿ ಯಾವುದಕ್ಕೂ ಭರವಸೆ ಇಲ್ಲ. ಹೊಸಬರು ಮುಟ್ಟಿದರೆ ಸರಿದುಹೋಗುತ್ತದೆ, ಒತ್ತಾಯ ಮಾಡಿದರೆ ಗುರ್ ಅನ್ನುತ್ತದೆ. ಮನೆಯ ಒಬ್ಬಿಬ್ಬರಿಗೆ ಮಾತ್ರ ಜೀವ. ಗೇಟಿನ ಪಕ್ಕ ಸರಪಳಿಗೆ ಕಟ್ಟಿ ಹಾಕಿದ ಮುಧೋಳ ನಾಯಿಗಳನ್ನು ಕಲಬುರಗಿಯ ಬಡಾವಣೆಗಳಲ್ಲಿ ನೋಡಬಹುದು. ಹಗ್ಗದಷ್ಟು ಜಾಗದಲ್ಲಿ ಸುತ್ತಿ ಸುತ್ತಿ ನೆಲ ಸವೆದಿರುತ್ತದೆ. ಸುಮ್ನೆ ಶೋಕಿಗೆ ತಂದವರು ಮಾಡುವ ಕೆಲಸ ಅದು. ದಿನಕ್ಕೊಮ್ಮೆ ಪೂರ್ತಿ ವೇಗದಲ್ಲಿ ಓಡುವುದಕ್ಕೆ ಬೇಲಿ ಇರುವ ಜಾಗ ಬೇಕು. ಬೇಲಿ ಆರಡಿ ಇರಲಿ, ನಾಲ್ಕಡಿ ಇದ್ದರೆ ಇದು ಲೆಕ್ಕಕ್ಕೇ ಇಡುವುದಿಲ್ಲ.

ಹೊಲದವರಿಗೆ ಒಂದು ಮಾತು. ಬೀದರ್ ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗ ಓಡಾಡುತ್ತವೆ, ಮೊಲ ಎಲ್ಲ ಕಡೆಯೂ ಇವೆ. ನಾಯಿ ಬಿಟ್ಟು ಬೇಟೆಯಾಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತೊಗರಿ ಹೊಲದಲ್ಲಿ ಮುಧೋಳ ನಾಯಿಯನ್ನು ಕರೆದುಕೊಂಡು ತಿರುಗುವುದಾದರೆ ಕೈಯಲ್ಲಿ ಹಗ್ಗ ಇರಲಿ.

ಮೈಯಲ್ಲಿ ಕೊಬ್ಬು ಇಲ್ಲದ ನಾಯಿಗೆ ಬರೀ ಫರ್ಸಿ ಆಗುವುದಿಲ್ಲ. ಮೊಣಕೈ ಹತ್ತಿರ ಚರ್ಮ ದಡ್ಡುಗಟ್ಟಿ, ಕೂದಲು ಹೋಗಿ ಗಾಯವಾಗುತ್ತದೆ. ಹಳೆಯ ಕೌದಿ ಒಂದನ್ನು ಮಡಿಚಿ ಹಾಕಿದರೆ ಸಾಕು. ಬೀದರ್‌ನ ಡಿಸೆಂಬರ್ ರಾತ್ರಿಗೆ ಅದೇ ಕೌದಿಯನ್ನು ಹೊದಿಸಬೇಕಾಗುತ್ತದೆ. ಬಿಸಿಲು ತಡೆಯುವ ಈ ಮೈ ಚಳಿ ತಡೆಯುವುದಿಲ್ಲ.

ಊರೊಳಗಿನ ಮನೆ, ಸಣ್ಣ ಮಕ್ಕಳು, ಬಂದುಹೋಗುವ ನೆಂಟರು, ತಂಪು ಪಡಸಾಲೆ, ಬೆಳಿಗ್ಗೆ ಆರಕ್ಕೆ ಮೊದಲು ಏಳುವ ಒಬ್ಬರು ಇದ್ದರೆ ಲ್ಯಾಬ್ರಡಾರ್. ಬೇಲಿ ಹಾಕಿದ ತೋಟ, ನಾಯಿಯ ಜೊತೆ ಓಡುವ ಹುಮ್ಮಸ್ಸಿನ ಹುಡುಗ ಇದ್ದರೆ ಮುಧೋಳ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೇ ಮೀಸಲಾದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೇ ಬರುತ್ತದೆ. ಮರಿ ಬೇಕಾದವರು ಮೊದಲು ಅಲ್ಲಿ ವಿಚಾರಿಸಿ.

ಸಣ್ಣ ನಾಯಿಗಳು

ನಮ್ಮಲ್ಲಿ ಪಾಮೇರಿಯನ್ ಅಂತ ಮಾರುವವು ಬಹುಪಾಲು ಇಂಡಿಯನ್ ಸ್ಪಿಟ್ಜ್. ಬಿಳಿ ತುಪ್ಪಳ ನೋಡಿ ಇದು ಬಿಸಿಲಿಗೆ ತಾಳುವುದಿಲ್ಲ ಅನ್ನಿಸುತ್ತದೆ. ಆದರೆ ಎಷ್ಟೋ ತಲೆಮಾರು ಇಲ್ಲೇ ಹುಟ್ಟಿ ಬೆಳೆದ ನಾಯಿ, ಮೂತಿಯೂ ಉದ್ದ. ಮನೆಯೊಳಗೆ ನೆರಳಿನಲ್ಲಿ ಚೆನ್ನಾಗಿಯೇ ಬಾಳುತ್ತದೆ. ಆರೇಳು ಕಿಲೋ ತೂಕ, ಊಟ ಕಮ್ಮಿ. ಮೂವತ್ತು ಕಿಲೋ ಲ್ಯಾಬ್ರಡಾರ್ ದಿನಕ್ಕೆ 350-400 ಗ್ರಾಂ ಒಣ ಆಹಾರ ತಿಂದರೆ ಇದಕ್ಕೆ ನೂರು ಗ್ರಾಂ ಸುತ್ತಮುತ್ತ ಸಾಕು. ಮಕ್ಕಳು ಬೆಂಗಳೂರು, ಪುಣೆ ಅಂತ ಹೋದ ಮೇಲೆ ಇಬ್ಬರೇ ಉಳಿದ ಹಿರಿಯರ ಮನೆಗೆ ಇದು ಒಳ್ಳೆಯ ಜೊತೆ. ಬೊಗಳುವುದು ಜಾಸ್ತಿ. ಹಾಲಿನವ, ಪೇಪರಿನವ, ಕಾಗೆ, ಯಾರನ್ನೂ ಬಿಡುವುದಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯಾದರೆ ಪಕ್ಕದವರ ಜೊತೆ ಜಗಳಕ್ಕೆ ತಯಾರಿರಿ. ಬೇಸಿಗೆ ಬಂತು ಅಂತ ಬೋಳಿಸಬೇಡಿ. ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬರದೆಯೂ ಇರಬಹುದು. ಬಾಚಿ ಉದುರುವ ಕೂದಲು ತೆಗೆದರೆ ಸಾಕು.

ಪಗ್ ಇಷ್ಟಪಡುವವರಿಗೆ ಬೇಜಾರಾದರೂ ಹೇಳಲೇಬೇಕು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಆ ಪುಟ್ಟ ನಾಯಿಯಿಂದ ಇಡೀ ದೇಶಕ್ಕೆ ಪಗ್ ಹುಚ್ಚು ಹಿಡಿಯಿತು. ಸ್ವಭಾವದಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ. ಮೂತಿಯದೇ ತೊಂದರೆ. ಮೂಗಿನ ಹೊಳ್ಳೆ ಕಿರಿದು, ಗಂಟಲಿನಲ್ಲಿ ಮೆತ್ತನೆಯ ಮಾಂಸ ಅಡ್ಡ. ಮಲಗಿದಾಗ ಗೊರಕೆ ಹೊಡೆದರೆ ಮನೆಯವರು ನಗುತ್ತಾರೆ. ಅದು ಉಸಿರಿಗೆ ಒದ್ದಾಡುವ ಸದ್ದು. ತೇಕಿ ಕಾವು ಇಳಿಸಿಕೊಳ್ಳುವ ದಾರಿಯೇ ಅದಕ್ಕೆ ಅರ್ಧ ಮುಚ್ಚಿದೆ. ಇನ್ವರ್ಟರ್ ಮೇಲೆ ಓಡುವ ಕೂಲರ್ ಇಲ್ಲದ ಮನೆಗೆ, ಕಲಬುರಗಿಯಲ್ಲಾಗಲಿ ಯಾದಗಿರಿಯಲ್ಲಾಗಲಿ, ಪಗ್ ಬೇಡ. ಚಪ್ಪಟೆ ಮೂತಿ, ಉದ್ದ ಕೂದಲಿನ ಶಿಟ್ಜು ತಳಿಗೂ ಇದೇ ಮಾತು, ಜೊತೆಗೆ ಕೂದಲು ಕತ್ತರಿಸುವ ಖರ್ಚು ಬೇರೆ.

ಬೀಗಲ್ ಗಟ್ಟಿ ನಾಯಿ, ಗಿಡ್ಡ ಕೂದಲು, ಆದರೆ ಊಳಿಡುತ್ತದೆ, ವಾಸನೆ ಹಿಡಿದು ಗೇಟು ದಾಟಿ ಹೋಗುತ್ತದೆ. ಡ್ಯಾಶ್‌ಹಂಡ್ ಬಿಸಿಲಿಗೆ ಪರವಾಗಿಲ್ಲ. ಉದ್ದ ಬೆನ್ನಿನ ಮೂಳೆ ಸೂಕ್ಷ್ಮ, ಹಾಗಾಗಿ ಮೆಟ್ಟಿಲು ಹತ್ತಿಳಿಯುವ ಮಹಡಿ ಮನೆಗೆ ಬೇಡ.

ಕಾವಲಿಗೆ ಬೇಕು ಅನ್ನುವವರಿಗೆ

ಮನೆಗೆ ಬಂದವರೆಲ್ಲ ಗೇಟಿನ ಹೊರಗೇ ನಿಂತು ಕೇಳುವ ಒಂದು ಮಾತಿದೆ: "ಕಡೀತದೇನ್ರಿ?" ಕಾವಲು ನಾಯಿ ಬೇಕು ಅನ್ನುವ ಬಹಳ ಜನರಿಗೆ ಬೇಕಿರುವುದು ಈ ಹೆದರಿಕೆ ಅಷ್ಟೇ. ಅದಕ್ಕೆ ಬೊಗಳುವ ನಾಯಿ ಸಾಕು, ಕಡಿಯುವ ನಾಯಿ ಬೇಕಿಲ್ಲ.

ಜರ್ಮನ್ ಶೆಫರ್ಡ್ ಜಾಣ ನಾಯಿ, ಮನೆಯವರಿಗೆ ನಿಷ್ಠೆ. ಕೂದಲು ಮಾತ್ರ ದಪ್ಪ, ಸೊಂಟದ ತೊಂದರೆ ಇದಕ್ಕೂ ಇದೆ. ಬೀದರ್‌ಗೆ ಸರಿ, ಕಲಬುರಗಿಯಲ್ಲಿ ಹಗಲು ಒಳಗೆ ಇಟ್ಟುಕೊಳ್ಳುವವರಿಗೆ ಮಾತ್ರ. ಹಗಲೆಲ್ಲ ಹೊರಗೆ ಕಟ್ಟುವವರಿಗೆ ಅಲ್ಲ. ಡಾಬರ್ಮನ್ ಕೂದಲು ಗಿಡ್ಡ, ಮೂತಿ ಉದ್ದ, ಹೀಗಾಗಿ ಬಿಸಿಲಿಗೆ ಶೆಫರ್ಡ್‌ಗಿಂತ ಮೇಲು. ಆದರೆ ಒಂಟಿಯಾಗಿ ಬಿಟ್ಟರೆ ಕೆಡುತ್ತದೆ, ವ್ಯಾಯಾಮ ಬಹಳ ಬೇಕು. ರಾಟ್‌ವೈಲರ್ 50 ಕಿಲೋ ದಾಟಬಹುದು, ಮೈ ಬಹುಪಾಲು ಕಪ್ಪು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇದೂ ಸೇರಿ 23 ತಳಿಗಳ ಮೇಲೆ ನಿರ್ಬಂಧ ಹಾಕುವ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಬಿಡಿ, ಐವತ್ತು ಕಿಲೋ ನಾಯಿ ಜಗ್ಗಿದರೆ ನಿಮ್ಮ ಮನೆಯಲ್ಲಿ ಅದನ್ನು ಹಿಡಿದು ನಿಲ್ಲಿಸುವವರು ಎಷ್ಟು ಜನ?

ಜವಾರಿ ನಾಯಿ

ಯಾದಗಿರಿ, ಸುರಪುರ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿದಾಗ ಒಮ್ಮೆ ಹೋಗಿ ನೋಡಿ. ಕುರಿ ಹಿಂಡಿನ ಸುತ್ತ ಎರಡೋ ಮೂರೋ ನಾಯಿ ಇರುತ್ತವೆ. ತಳಿಯ ಹೆಸರಿಲ್ಲ, ಸರ್ಟಿಫಿಕೇಟ್ ಇಲ್ಲ. ಹಗಲು ಜಾಲಿ ಗಿಡದ ನೆರಳಲ್ಲಿ ಗುಂಡಿ ತೋಡಿ, ಕೆಳಗಿನ ತಂಪು ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿರುತ್ತವೆ. ಹೊತ್ತು ಮುಳುಗಿದ ಮೇಲೆ ಒಂದೂ ಮಲಗುವುದಿಲ್ಲ. ಈ ಬಿಸಿಲಿಗೆ ಯಾರೂ ಅವುಗಳನ್ನು ಆರಿಸಿ ಬೆಳೆಸಲಿಲ್ಲ, ಬಿಸಿಲೇ ಆರಿಸಿತು. ತಾಳದವು ಉಳಿಯಲಿಲ್ಲ.

ನನ್ನ ಮಟ್ಟಿಗೆ ನಮ್ಮ ಭಾಗದ ಹತ್ತರಲ್ಲಿ ಏಳೆಂಟು ಮನೆಗೆ ಇದೇ ಸರಿಯಾದ ನಾಯಿ. 15-20 ಕಿಲೋ ತೂಕ, ಗಿಡ್ಡ ಕೂದಲು, ಉದ್ದ ಮೂತಿ. ವಂಶದ ರೋಗಗಳು ಕಮ್ಮಿ. ದುಡ್ಡು ಕೊಡಬೇಕಿಲ್ಲ. ಮನೆಯವರ್ಯಾರು, ಹೊರಗಿನವರ್ಯಾರು ಅನ್ನುವುದು ಇದಕ್ಕೆ ಬೇಗ ಗೊತ್ತಾಗುತ್ತದೆ. ಕಾವಲಿಗೆ ಇಷ್ಟು ಸಾಲದೇ?

ತೊಂದರೆ ಇಲ್ಲ ಅಂತಲ್ಲ. ತಿರುಗುವ ಚಟ ಇರುತ್ತದೆ, ಗೇಟು ತೆರೆದರೆ ಓಣಿ ಸುತ್ತಿ ಬರುತ್ತದೆ. ಲ್ಯಾಬ್ರಡಾರ್ ಹಾಗೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಿಲ್ಲ, ಯೋಚನೆ ಮಾಡುತ್ತದೆ. ಮೂರು ತಿಂಗಳ ಒಳಗೆ ಮಕ್ಕಳು, ಗಾಡಿ ಸದ್ದು, ಹೊಸ ಜನ ಎಲ್ಲ ರೂಢಿ ಮಾಡಿಸದಿದ್ದರೆ ಅಂಜುಬುರುಕ ಆಗುತ್ತದೆ. ಮರಿ ಆರಿಸುವಾಗ ಸಾಧ್ಯವಾದರೆ ತಾಯಿಯನ್ನು ನೋಡಿ. ನೀವು ಹತ್ತಿರ ಹೋದಾಗ ತಾಯಿ ಸಮಾಧಾನವಾಗಿದ್ದರೆ ಮರಿಗಳೂ ಹಾಗೇ ಬರುವ ಸಾಧ್ಯತೆ ಜಾಸ್ತಿ. ಎಂಟು ವಾರ ತಾಯಿಯ ಹತ್ತಿರವೇ ಬಿಟ್ಟು ಆಮೇಲೆ ತನ್ನಿ. ಆರೇಳು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ, ತಿರುಗುವ ಚಟವೂ ಸುಮಾರು ಇಳಿಯುತ್ತದೆ. "ಬೀದಿ ನಾಯಿ ತಂದಿದ್ದೀರಾ?" ಅಂತ ನೆಂಟರು ಕೇಳೇ ಕೇಳುತ್ತಾರೆ. ಕೇಳಲಿ ಬಿಡಿ.

ರೊಟ್ಟಿ, ಮಜ್ಜಿಗೆಯಲ್ಲಿ ಸಾಕಬಹುದಾ?

ಮನೆಯಲ್ಲಿ ಮೊಟ್ಟೆಯನ್ನೂ ತರದವರು ನಮ್ಮ ಕಡೆ ಬಹಳ. ನಾಯಿ ತರುವ ಮುಂಚೆ ಈ ಮಾತು ಮನೆಯಲ್ಲಿ ಇತ್ಯರ್ಥ ಆಗಲಿ. ಬೆಕ್ಕಿಗೆ ಮಾಂಸ ಬೇಕೇ ಬೇಕು, ನಾಯಿಗೆ ಹಾಗಲ್ಲ. ಸರಿಯಾಗಿ ಕೂಡಿಸಿದ ಸಸ್ಯಾಹಾರದಲ್ಲೂ ಬದುಕುತ್ತದೆ. ಆದರೆ ಜೋಳದ ರೊಟ್ಟಿ, ಹಾಲು ಅಷ್ಟರಲ್ಲೇ ಸಾಗುವುದಿಲ್ಲ. ಬೇಳೆ ಚೆನ್ನಾಗಿ ಬೇಯಿಸಿ ಹಾಕಿ, ಮೊಸರು, ಪನೀರ್ ಕೊಡಿ. ಸಸ್ಯಾಹಾರದ ಒಣ ಆಹಾರವೂ ಅಂಗಡಿಯಲ್ಲಿ ಸಿಗುತ್ತದೆ. ಬೆಳೆಯುವ ದೊಡ್ಡ ತಳಿಯ ಮರಿಯನ್ನು ಹೀಗೆ ಸಾಕುವುದು ಕಷ್ಟದ ಲೆಕ್ಕ, ಡಾಕ್ಟರ್ ಕೇಳದೆ ಮಾಡಬೇಡಿ. ಪೂರ್ತಿ ಸಸ್ಯಾಹಾರದ ಮನೆಗೆ ಸ್ಪಿಟ್ಜ್ ಅಥವಾ ಜವಾರಿ ಸುಲಭ. ಮೊಟ್ಟೆ ಅಂಗಳದಲ್ಲಿ ಬೇಯಿಸಿ ಅಂಗಳದಲ್ಲೇ ಹಾಕುವ ಒಪ್ಪಂದಕ್ಕೆ ಎಷ್ಟೋ ಅಜ್ಜಿಯಂದಿರು ಬಂದಿದ್ದಾರೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾವ ನಾಯಿಗೂ ಬೇಡ. ಸಾರಿನ ಅನ್ನ ಹಾಕುವವರು ಇದನ್ನು ನೆನಪಿಡಿ, ಸಾರಿನಲ್ಲಿ ಮೊದಲ ಎರಡೂ ಇರುತ್ತವೆ.

ಎಲ್ಲಿಂದ, ಯಾವಾಗ

2017ರ ಶ್ವಾನ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, ಮಾರುವವರು ನೋಂದಣಿ ಮಾಡಿಸಿರಬೇಕು. ತಾಯಿ ನಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ. ಮೊಬೈಲ್‌ನಲ್ಲಿ ಫೋಟೊ ಕಳಿಸಿ ಅರ್ಧ ದುಡ್ಡು ಹಾಕಿ ಅನ್ನುವವರ ಸಹವಾಸವೇ ಬೇಡ.

ಲಸಿಕೆ ಆರೇಳು ವಾರಕ್ಕೆ ಶುರುವಾಗಿ ನಾಲ್ಕು ತಿಂಗಳವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಬರುತ್ತದೆ, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಇವು ಮುಗಿಯುವವರೆಗೆ ಬೀದಿಗೆ ಇಳಿಸಬೇಡಿ. ಪಾರ್ವೊ ಅನ್ನುವ ವೈರಸ್ ರೋಗ ಬಂದರೆ ರಕ್ತಭೇದಿಯಲ್ಲಿ ಎರಡು-ಮೂರು ದಿನಕ್ಕೆ ಮರಿ ಹೋಗಿಬಿಡುತ್ತದೆ.

ಮರಿ ತರಲು ಒಳ್ಳೆಯ ಕಾಲ ನವೆಂಬರ್, ಡಿಸೆಂಬರ್. ಲಸಿಕೆ ಚಳಿಗಾಲದಲ್ಲೇ ಮುಗಿಯುತ್ತದೆ, ಬೇಸಿಗೆ ಬರುವಷ್ಟರಲ್ಲಿ ಮರಿಗೆ ಆರು ತಿಂಗಳು ದಾಟಿರುತ್ತದೆ, ಮನೆಯಲ್ಲಿ ಯಾವ ಮೂಲೆ ತಂಪು ಅಂತ ಅದಕ್ಕೇ ಗೊತ್ತಾಗಿರುತ್ತದೆ. ದೀಪಾವಳಿ ಪಟಾಕಿ ಮುಗಿದ ಮೇಲೆ ತಂದರೆ ಇನ್ನೂ ವಾಸಿ. ಏಪ್ರಿಲ್‌ನಲ್ಲಿ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತರಲೇಬೇಕಾದರೆ ರಾತ್ರಿ ಹೊರಡಿ. ಬಸ್ಸಿನ ಡಿಕ್ಕಿಯಲ್ಲಿ ಹಾಕುತ್ತೇವೆ ಅಂದರೆ ಒಪ್ಪಬೇಡಿ, ಮರಿ ನಿಮ್ಮ ತೊಡೆಯ ಮೇಲೇ ಇರಲಿ. ಒದ್ದೆ ಬಟ್ಟೆ, ನೀರಿನ ಬಟ್ಟಲು ಜೊತೆಗಿರಲಿ, ದಾರಿಯಲ್ಲಿ ಎರಡು ಮೂರು ಸಲ ನಿಲ್ಲಿಸಿ ನೀರು ಕುಡಿಸಿ.